ಗರ್ಭಿಣಿಗೆ ಜ್ವರ ಬಂದಾಗ ಬಿಪಿಯನ್ನೂ ನೋಡಿ

ಮಳೆಗಾಲದಲ್ಲಿ ಗರ್ಭಿಣಿಗೆ ಡೆಂಗ್ಯೂ ಬಂತೆಂದರೆ ಮನೆಯವರ ಗಮನವೆಲ್ಲ ಥರ್ಮಾಮೀಟರ್ ಮತ್ತು ಪ್ಲೇಟ್‌ಲೆಟ್ ಎಣಿಕೆಯ ಮೇಲೆಯೇ ಇರುತ್ತದೆ. ಆದರೆ 20 ವಾರ ತುಂಬಿದ ಮೇಲೆ ಅಧಿಕ ರಕ್ತದೊತ್ತಡದೊಂದಿಗೆ ಕಾಣಿಸಿಕೊಳ್ಳುವ ಪ್ರೀಎಕ್ಲಾಂಪ್ಸಿಯಾ ಎಂಬ ತೊಂದರೆಯು ಇದೇ ಜ್ವರದ ಮರೆಯಲ್ಲಿ ಅಡಗಿರಬಹುದು. ತಲೆನೋವು, ವಾಂತಿ, ಹೊಟ್ಟೆಯ ಮೇಲ್ಭಾಗದ ನೋವು, ಪ್ಲೇಟ್‌ಲೆಟ್ ಕುಸಿತ, ಲಿವರ್ ಪರೀಕ್ಷೆಯಲ್ಲಿ ಏರಿಕೆ ಇವೆಲ್ಲ ಎರಡರಲ್ಲೂ ಬರುವಂಥವು. ಡೆಂಗ್ಯೂ ಉಲ್ಬಣಿಸಿದಾಗ ಬಿಪಿ ಕುಸಿಯುತ್ತದೆ, ಪ್ರೀಎಕ್ಲಾಂಪ್ಸಿಯಾದಲ್ಲಿ ಏರುತ್ತದೆ. ಆದ್ದರಿಂದ ಮನೆಯಲ್ಲಿ ಬರೆದಿಟ್ಟ ಬಿಪಿ ಅಂಕಿಗಳು ವೈದ್ಯರಿಗೆ ದೊಡ್ಡ ಸುಳಿವಾಗುತ್ತವೆ. ಕೋವಿಡ್ ತಗುಲಿದ ಗರ್ಭಿಣಿಯರಲ್ಲಿ ಪ್ರೀಎಕ್ಲಾಂಪ್ಸಿಯಾ ಹೆಚ್ಚಾಗಿ ಕಂಡುಬಂದುದನ್ನು 18 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೂ ದಾಖಲಿಸಿದೆ.

ಅಳೆಯುವ ಕ್ರಮ ತಪ್ಪಿದರೆ ಅಂಕಿಯೂ ತಪ್ಪುತ್ತದೆ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಬೇಕು. ಬಿಪಿ ಯಂತ್ರದ ಗಾಳಿ ತುಂಬುವ ಪಟ್ಟಿಯನ್ನು, ಅಂದರೆ ಕಫ್ ಅನ್ನು, ಬರಿಯ ತೋಳಿಗೇ ಸುತ್ತಬೇಕು. ನೈಟಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಪಟ್ಟಿಯಂತೆ ತೋಳನ್ನು ಹಿಂಡುತ್ತದೆ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಇದ್ದಂತೆ ತೋರುತ್ತದೆ. ಎಡಮಗ್ಗುಲಿಗೆ ಮಲಗಿ ಮೇಲಿನ ತೋಳಿನಲ್ಲಿ ನೋಡಿದರೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡೂ ಅಂಕಿಗಳನ್ನು ಸಮಯದೊಂದಿಗೆ ಬರೆದಿಡಿ.

140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಂದೇ ವೈದ್ಯರನ್ನು ಕಾಣಬೇಕು. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಿಪಿ ಎಷ್ಟೇ ಇರಲಿ, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಬಾರದು. ಬಲ ಪಕ್ಕೆಲುಬಿನ ಕೆಳಗಿನ ನೋವನ್ನು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮಾತ್ರೆ ನುಂಗಿ ಸುಮ್ಮನಾಗುವುದು ನಮ್ಮಲ್ಲಿ ತೀರಾ ಸಾಮಾನ್ಯವಾದ, ತೀರಾ ಅಪಾಯಕಾರಿಯಾದ ರೂಢಿ. ಡೆಂಗ್ಯೂವಿನಲ್ಲಿ ಜ್ವರ ಬಿಟ್ಟ ಮೊದಲ ಒಂದೆರಡು ದಿನಗಳೇ ಹೆಚ್ಚು ಎಚ್ಚರ ಬೇಡುತ್ತವೆ. ಆಗ ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದರೆ ಅದೂ ತುರ್ತು ಸ್ಥಿತಿಯೇ.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು; ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳಂಥ ನೋವಿನ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು. ಪ್ರೀಎಕ್ಲಾಂಪ್ಸಿಯಾ ಬಾರದಿರಲೆಂದು ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಡೆಂಗ್ಯೂ ಶಂಕೆ ಬಂದೊಡನೆ, ಮುಂದಿನ ಮಾತ್ರೆಗೆ ಮೊದಲೇ, ಅದನ್ನು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ರಕ್ತಸ್ರಾವದ ಅಪಾಯ ಅದರಿಂದ ಹೆಚ್ಚುತ್ತದೆ. ಬಿಪಿ ಮಾತ್ರೆಯನ್ನು ಮುಂದುವರಿಸುವುದೋ ಬದಲಿಸುವುದೋ ಎಂಬುದೂ ಅವರ ತೀರ್ಮಾನಕ್ಕೇ ಸೇರಿದ್ದು. ಅಕ್ಕಪಕ್ಕದವರು ಅಕ್ಕರೆಯಿಂದ ತಂದುಕೊಡುವ ಪಪ್ಪಾಯಿ ಎಲೆಯ ರಸವನ್ನು ಗರ್ಭಿಣಿಗೆ ಕುಡಿಸದಿರುವುದೇ ಒಳ್ಳೆಯದು.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್, ಬಿಪಿ ಬರೆದ ಹಾಳೆ ಮತ್ತು ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳು ಚೀಲದಲ್ಲಿರಲಿ. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹೆರಿಗೆಯಾದ ಮೇಲೂ ಆರು ವಾರಗಳವರೆಗೆ ಪ್ರೀಎಕ್ಲಾಂಪ್ಸಿಯಾ ಕಾಣಿಸಿಕೊಳ್ಳಬಹುದಾದ್ದರಿಂದ, ಬಾಣಂತಿಗೆ ಜ್ವರ ಬಂದಾಗಲೂ ಇದೇ ಕ್ರಮದಲ್ಲಿ ಬಿಪಿ ನೋಡಬೇಕು.