ಇ90 325ಐ, 330ಐ: ಕೂಲೆಂಟ್ ಗಾಳಿ ತೆಗೆಯುವ ಸುಲಭ ದಾರಿ

ಹಳೆ ಬಿಎಂಡಬ್ಲ್ಯು 3 ಸೀರೀಸ್ ಕಾರಾದ ಇ90ಯಲ್ಲಿ ಎನ್52 ಪೆಟ್ರೋಲ್ ಎಂಜಿನ್ ಇರುವವರಿಗೆ ಇದು. ಕೂಲೆಂಟ್ ಬದಲಾಯಿಸಿದ ಮೇಲೆ ಗಾಳಿ ತೆಗೆಯಲು ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಕೂಲೆಂಟ್ ಟ್ಯಾಂಕ್ ತುಂಬಿಸಿ ಮುಚ್ಚಳ ಹಾಕಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಲೋ ಬೀಮ್ ಹಾಕಿ (ಇಲ್ಲದಿದ್ದರೆ ಮಧ್ಯದಲ್ಲಿ ಇಗ್ನಿಷನ್ ತಾನೇ ಆಫ್ ಆಗಬಹುದು), ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ತೀರಾ ಕಡಿಮೆಗೆ ಇಟ್ಟು ಆಕ್ಸಿಲರೇಟರನ್ನು ತಳಮುಟ್ಟ 10 ಸೆಕೆಂಡ್ ಒತ್ತಿ ಹಿಡಿದು ಬಿಡಿ. ಇದರ ವಾಟರ್ ಪಂಪ್ ಬೆಲ್ಟಿನದಲ್ಲ, ಕರೆಂಟಿನದು. ಹಾಗಾಗಿ ಎಂಜಿನ್ ಆಫ್ ಇದ್ದರೂ ಸುಮಾರು 12 ನಿಮಿಷ ತಾನೇ ಓಡಿ, ಹೀಟರ್ ಒಳಗಿನ ಗಾಳಿಯನ್ನೂ ಹೊರಗೆ ತಳ್ಳುತ್ತದೆ. ಆಮೇಲೆ ಮಟ್ಟ ನೋಡಿ ಮ್ಯಾಕ್ಸ್‌ವರೆಗೆ ತುಂಬಿಸಿ. ಬ್ಯಾಟರಿ ವೀಕ್ ಇದ್ದರೆ ಪಂಪ್ ಅರ್ಧಕ್ಕೇ ನಿಲ್ಲುತ್ತದೆ, ಚಾರ್ಜರ್ ಹಾಕಿಯೇ ಶುರು ಮಾಡಿ. ಪೆಡಲ್ ಒತ್ತಿದ ಮೇಲೂ ಪಂಪಿನ ಗುಂಯ್ ಸದ್ದೇ ಬರದಿದ್ದರೆ ಪಂಪ್ ಅಥವಾ ಅದರ ವೈರಿಂಗ್ ಪರೀಕ್ಷಿಸಬೇಕು, ಅದು ಸರಿಯಾಗುವವರೆಗೆ ಗಾಡಿ ಓಡಿಸಬೇಡಿ, ಈ ಎಂಜಿನ್ ಒಮ್ಮೆ ಜಾಸ್ತಿ ಬಿಸಿಯಾದರೆ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲಿನ ಭಾಗ) ಹಾಳಾಗುವ ಭಯ ಇದೆ. 320ಡಿ ಡೀಸೆಲ್‌ಗೆ ಇದು ನಡೆಯಲ್ಲ, ಅದರದು ಬೆಲ್ಟ್ ಪಂಪ್. ಇನ್ನೊಂದು, ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ ಅಲ್ವಾ, ಅದನ್ನು ರೇಡಿಯೇಟರಿಗೆ ಸುರಿಯಬೇಡಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ಗೆ ಬಿಎಂಡಬ್ಲ್ಯುಗೆ ಹೊಂದುವ ನೀಲಿ ಕೂಲೆಂಟನ್ನು ಅರ್ಧಕ್ಕರ್ಧ ಬೆರೆಸಿ ಹಾಕಿ.