ಊರಲ್ಲಿ ಒಬ್ಬರೇ ಇರುವ ಅಮ್ಮನ ಮನೆಗೆ ಅಲೆಕ್ಸಾ ಜೋಡಿಸುವುದು ಹೇಗೆ

ಮಧುಗಿರಿಯಲ್ಲೋ ಶ್ರೀನಿವಾಸಪುರದಲ್ಲೋ ಒಬ್ಬರೇ ಇರುವ ಅಮ್ಮನಿಗೆ ಎಕೋ ಡಾಟ್ (ಅಮೆಜಾನ್‌ನ ಪುಟ್ಟ ಸ್ಪೀಕರ್ ಡಬ್ಬಿ) ಕೊಂಡುಕೊಡುವ ಮೊದಲು ಒಂದು ಮಾತು ತಿಳಿದಿರಲಿ: ಅದರೊಳಗಿಂದ ಮಾತಾಡುವ ಸಹಾಯಕಿ ಅಲೆಕ್ಸಾಗೆ ಕನ್ನಡ ಬರುವುದಿಲ್ಲ. ನಮ್ಮ ಕಡೆ ಅದು ಕೇಳುವುದು, ಹೇಳುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲೇ ಪ್ರಶ್ನೆ ಕೇಳಬೇಕೆಂದರೆ ಆಂಡ್ರಾಯ್ಡ್ ಫೋನಿನ ಗೂಗಲ್ ಅಸಿಸ್ಟೆಂಟ್ ವಾಸಿ. ಆದರೆ ಮಂಡಿನೋವಿಗೆ ಎದ್ದು ಫೋನ್ ಹುಡುಕಲಾಗದವರಿಗೆ, ಕಣ್ಣು ಮಂಜಾಗಿ ಸ್ಕ್ರೀನ್ ಕಾಣದವರಿಗೆ ಕೂತಲ್ಲಿಂದಲೇ ಮಗಳನ್ನು ಕರೆಯಲು ಆಗುವುದು ದೊಡ್ಡ ಅನುಕೂಲ. ಅದಕ್ಕೆ ಮೂರು ನಾಲ್ಕು ವಾಕ್ಯ ಸಾಕು. ಅಷ್ಟನ್ನೇ ಕಲಿಸಿ.

ಮೊದಲು ವೈಫೈ. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಳ್ಳಬೇಡಿ. ಆ ಫೋನ್ ಹೊಸಿಲು ದಾಟಿದರೆ ಡಬ್ಬಿ ಮೂಕ. ಫೈಬರ್ ಬರದ ಊರಾದರೆ ಸಿಮ್ ಹಾಕುವ ರೂಟರ್ ಇಡಬಹುದು. 128 ಕೆಬಿಪಿಎಸ್‌ನಲ್ಲಿ ಹಾಡು ಓಡಿದರೆ ಗಂಟೆಗೆ ಸುಮಾರು 60 ಎಂಬಿ ಖರ್ಚು, ಅದಕ್ಕೆ ತಕ್ಕ ಪ್ಯಾಕ್ ಹಾಕಿಸಿ. ಕಲ್ಲು ಚಪ್ಪಡಿಯ ಮನೆಗಳಲ್ಲಿ, ದಪ್ಪ ಗೋಡೆಯ ಹಳೆ ಮನೆಗಳಲ್ಲಿ ರೂಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಪಕ್ಕದ ಕೋಣೆಗೂ ಸರಿಯಾಗಿ ಹೋಗದು. 2.4 ಗಿಗಾಹರ್ಟ್ಸ್‌ಗೇ ಜೋಡಿಸಿ. ಮಾತಿನಿಂದಲೇ ಆನ್, ಆಫ್ ಮಾಡಬಹುದಾದ ಸ್ಮಾರ್ಟ್ ಪ್ಲಗ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಬೇಕಿರುವುದು ಅದೇ. ಮುಂದೆ ರೂಟರ್ ಬದಲಿಸಿದರೆ ಹೊಸದಕ್ಕೂ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡ್ ಅನ್ನೇ ಅಕ್ಷರ ತಪ್ಪದೆ ಇಡಿ. ಎಲ್ಲವೂ ತಾವಾಗಿ ಸೇರಿಕೊಳ್ಳುತ್ತವೆ, ನೀವು ಬೆಂಗಳೂರಿಂದ ಓಡಿ ಬರಬೇಕಿಲ್ಲ.

ಅಮೆಜಾನ್ ಅಕೌಂಟ್ ಅಮ್ಮನ ಹೆಸರಲ್ಲೇ, ಅಮ್ಮನ ಮೊಬೈಲ್ ನಂಬರಿಗೇ ಇರಲಿ. ಓಟಿಪಿ ಅವರ ಫೋನಿಗೆ ಬರುವುದರಿಂದ ಈ ಕೆಲಸವನ್ನು ಎದುರಿಗೆ ಕೂತೇ ಮುಗಿಸಿ. ನಿಮ್ಮ ಅಕೌಂಟಿಗೆ ಜೋಡಿಸಿದರೆ ಯಾರು ಯಾರಿಗೆ ಕಾಲ್ ಮಾಡಿದರೆಂಬುದೇ ಗೋಜಲು. ನಿಮ್ಮ ಪಾರ್ಸಲ್ ಸುದ್ದಿಯೂ ಅಲ್ಲಿ ಹಳದಿ ದೀಪವಾಗಿ ಮಿನುಗುತ್ತದೆ. ವಾಯ್ಸ್ ಪರ್ಚೇಸಿಂಗ್, ಅಂದರೆ ಬಾಯಿಮಾತಿನಲ್ಲೇ ಸಾಮಾನು ಕೊಳ್ಳುವ ಸೌಲಭ್ಯವನ್ನು ಅವತ್ತೇ ಆಫ್ ಮಾಡಿ. ಮನೆಯಲ್ಲಿ ಹಳೆಯ ಫೋನ್ ಬಿದ್ದಿದ್ದರೆ ಅದರ ಅಲೆಕ್ಸಾ ಆಪ್‌ನಲ್ಲಿ ಅಮ್ಮನ ಅಕೌಂಟ್ ತೆರೆದು ನಿಮ್ಮ ಬಳಿ ಇಟ್ಟುಕೊಳ್ಳಿ, ದೂರದಿಂದಲೇ ಎಲ್ಲ ಬದಲಿಸಬಹುದು.

ಸೆಟಪ್ ಹೊತ್ತಿಗೆ ಕಿತ್ತಳೆ ದೀಪ ತಾನಾಗಿ ಬರದಿದ್ದರೆ ಚುಕ್ಕಿ ಇರುವ ಬಟನ್ ಅನ್ನು ಸುಮಾರು 15 ಸೆಕೆಂಡ್ ಒತ್ತಿ ಹಿಡಿಯಿರಿ. ಬಣ್ಣ ಬಂದ ಕೂಡಲೇ ಕೈ ತೆಗೆಯಬೇಕು. ಇನ್ನೂ ಒತ್ತಿ ಹಿಡಿದರೆ ಮಾಡಿದ್ದೆಲ್ಲ ಅಳಿಸಿ ರೀಸೆಟ್ ಆಗುತ್ತದೆ.

ಈಗ ಕರೆಯುವ ಹೆಸರು. 'ಅಲೆಕ್ಸಾ' ನಾಲಿಗೆಗೆ ಹೊರಳದವರಿಗೆ 'ಎಕೋ' ಸುಲಭ ಅನ್ನಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ 'ಯಾಕೋ' ಅನ್ನದೆ ಮಾತು ಮುಂದೆ ಹೋಗುವುದಿಲ್ಲ, ಪ್ರತಿ ಸಲ ಅದು ತನ್ನನ್ನೇ ಕರೆದರು ಎಂದು ಎದ್ದು ಕೂರಬಹುದು. 'ಅಲೆಕ್ಸಾ' ಎಂಬುದನ್ನೇ ಹತ್ತು ಸಲ ಹೇಳಿಸಿ ನೋಡಿ. ಇನ್ನೊಂದು ತೊಡಕು: ಹಿರಿಯರು ಹೆಸರು ಕರೆದು, 'ಹೂಂ' ಅನ್ನಲಿ ಎಂದು ಕಾಯುತ್ತಾರೆ. ಅದು ಹೂಂಗುಟ್ಟುವುದಿಲ್ಲ, ನೀಲಿ ದೀಪ ಹೊತ್ತಿಸಿ, ಮಾತು ಬರದಿದ್ದರೆ ಆರಿಸಿಬಿಡುತ್ತದೆ. ಒಂದೇ ಉಸಿರಿಗೆ ಹೇಳುವುದನ್ನು ರೂಢಿ ಮಾಡಿಸಿ.

ಕನ್ನಡ ಬರದ ಯಂತ್ರದ ಹತ್ತಿರ ಕನ್ನಡದ ಮಾತು ಕೇಳಿಸುವ ದಾರಿ ರೂಟೀನ್. ಆಪ್‌ನಲ್ಲಿ ರೂಟೀನ್ ತೆರೆದು ನಿಮಗೆ ಬೇಕಾದ ವಾಕ್ಯ ಕೊಟ್ಟು, ಅದಕ್ಕೆ ಇಂಥ ಕೆಲಸ ಎಂದು ಹೇಳಬಹುದು. 'ದೇವರನಾಮ ಹಾಕು' ಎಂದು ಇಂಗ್ಲಿಷ್ ಅಕ್ಷರದಲ್ಲಿ ನೀವು ಬರೆದದ್ದು ಒಂದು, ಅಮ್ಮ ಹೇಳಿದಾಗ ಅದಕ್ಕೆ ಕೇಳಿಸಿದ್ದು ಇನ್ನೊಂದು. ಆಗ ಬೇಸರ ಪಡಬೇಡಿ. ಅಮ್ಮನಿಂದ ಐದಾರು ಸಲ ಹೇಳಿಸಿ, ವಾಯ್ಸ್ ಹಿಸ್ಟರಿ ತೆರೆಯಿರಿ. ತನಗೆ ಏನು ಕೇಳಿಸಿತೆಂದು ಅದು ಅಲ್ಲಿ ಬರೆದಿರುತ್ತದೆ, 'ದೇವರು ನಾಮ್ ಆಕು' ಅನ್ನುವ ಹಾಗೆ. ಆ ತಪ್ಪು ಬರಹವನ್ನೇ ಎತ್ತಿ ರೂಟೀನ್‌ಗೆ ಹಾಕಿ. ತಿದ್ದಿಕೊಳ್ಳಬೇಕಾದ್ದು ಯಂತ್ರ, ಎಪ್ಪತ್ತು ವರ್ಷದ ನಾಲಿಗೆಯಲ್ಲ. ಕಾಂಟ್ಯಾಕ್ಟ್‌ಗಳಲ್ಲೂ ಹಾಗೆಯೇ: ಪೂರ್ತಿ ಹೆಸರು ಬೇಡ, ಅಮ್ಮ ಕರೆಯುವ ಪುಟ್ಟಿ, ಚಿನ್ನಿ ಅಷ್ಟೇ ಇರಲಿ.

ಕಾಲ್ ನಿಮ್ಮ ಫೋನಿನ ಅಲೆಕ್ಸಾ ಆಪ್‌ಗೆ ಬರುತ್ತದೆ. ಬ್ಯಾಟರಿ ಸೇವರ್ ಆ ಆಪ್ ಅನ್ನು ಮಲಗಿಸಿದ್ದರೆ ರಿಂಗ್ ಆಗುವುದೇ ಇಲ್ಲ. ಅಮ್ಮ ಕರೆದು ಕರೆದು ಸುಮ್ಮನಾಗುತ್ತಾರೆ. ನಿಮ್ಮ ಫೋನಿನಲ್ಲಿ ಆ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದು, ನೋಟಿಫಿಕೇಶನ್ ಅನುಮತಿ ಕೊಡಿ. ಡ್ರಾಪ್ ಇನ್ ಎಂಬುದು ಬೇರೆ: ಆ ಕಡೆಯವರು ಎತ್ತದೆಯೇ ನೀವು ಮಾತಾಡಬಹುದು, ಅಲ್ಲಿನ ಮಾತು ಕೇಳಬಹುದು. ಬಚ್ಚಲಲ್ಲಿ ಜಾರಿಬಿದ್ದ ದಿನಕ್ಕೆ ಇದು ಬೇಕು. ಆದರೆ ಅಮ್ಮನಿಗೆ ಹೇಳಿ, ಒಪ್ಪಿಸಿಯೇ ಆನ್ ಮಾಡಿ. ಅವರ ಮನೆಯ ಮಾತು ಅವರಿಗೆ ತಿಳಿಯದೆ ಹೊರಗೆ ಹೋಗಬಾರದು. ಅನುಮತಿ ಒಬ್ಬಿಬ್ಬರಿಗೆ ಸಾಕು.

ಮಾತ್ರೆಗೆ ರಿಮೈಂಡರ್ ಒಂದೇ ಸಾಲದು, ಒಂದೆರಡು ಸಲ ಹೇಳಿ ಸುಮ್ಮನಾಗುತ್ತದೆ. ಜೊತೆಗೆ ಅಲಾರಂ ಇಡಿ, ಅದು 'ಸ್ಟಾಪ್' ಅನ್ನುವ ತನಕ ಬಹಳ ಹೊತ್ತು ಬಡಿದುಕೊಳ್ಳುತ್ತದೆ. ಅಲಾರಂ ವಾಲ್ಯೂಮ್ ಬೇರೆ, ಹಾಡಿನ ವಾಲ್ಯೂಮ್ ಬೇರೆ; ಎರಡನ್ನೂ ಸರಿಮಾಡಿ.

ದೀಪಕ್ಕೆ ಸ್ಮಾರ್ಟ್ ಬಲ್ಬ್ ಬೇಡ. ಮಲಗುವಾಗ ಗೋಡೆಯ ಸ್ವಿಚ್ ಆರಿಸುವುದು ಐವತ್ತು ವರ್ಷದ ಅಭ್ಯಾಸ, ಸ್ವಿಚ್ ಆರಿದರೆ ಬಲ್ಬ್‌ಗೂ ಕಿವಿ ಇಲ್ಲ. ಸ್ಮಾರ್ಟ್ ಪ್ಲಗ್‌ಗೆ ಒಂದು ಬೆಡ್‌ಲ್ಯಾಂಪ್ ಸಿಕ್ಕಿಸಿ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು. ನೀರಿನ ಮೋಟರ್ ಮಾತ್ರ ಯಾವ ಪ್ಲಗ್‌ಗೂ ಸೇರಿಸಬೇಡಿ, ಸ್ಟಾರ್ಟ್ ಆಗುವಾಗ ಅದರ ಕರೆಂಟ್ ಹಲವು ಪಟ್ಟು ಏರಿ ಪ್ಲಗ್ ಸುಟ್ಟುಹೋಗಬಹುದು.

ಡಬ್ಬಿಯನ್ನು ಗೋಡೆಗೂಡಿನೊಳಗೆ, ಟಿವಿ ಪಕ್ಕ, ಮಿಕ್ಸಿ ಹತ್ತಿರ ಇಡಬೇಡಿ. 'ಯಾಕೋ ಮಾತಾಡ್ತಿಲ್ಲ ಕಣಪ್ಪಾ' ಎಂಬ ಫೋನ್ ಬಂದರೆ ಮೊದಲು ಕೇಳಬೇಕಾದ್ದು, 'ಕೆಂಪು ದೀಪ ಇದೆಯಾ ಅಮ್ಮಾ?' ಎಂದು. ಧೂಳು ಒರೆಸುವಾಗ ಮೈಕ್ ಬಟನ್ ಒತ್ತಿರುತ್ತದೆ, ಇನ್ನೊಮ್ಮೆ ಒತ್ತಿದರೆ ಸರಿ.

ಡಬ್ಬಿಯಿಂದ 112ಕ್ಕೆ ಕರೆ ಹೋಗುವುದಿಲ್ಲ. ಬಟನ್ ಫೋನ್ ದಿಂಬಿನ ಪಕ್ಕ ಇದ್ದೇ ಇರಲಿ. 112, 108, ಹಿರಿಯರ ಸಹಾಯವಾಣಿ 14567, ಪಕ್ಕದ ಮನೆಯವರ ನಂಬರ್ ಇವನ್ನು ದಪ್ಪ ಅಕ್ಷರದಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿಸಿ, ಅಲೆಕ್ಸಾಗೆ ಹೇಳುವ ನಾಲ್ಕು ವಾಕ್ಯವನ್ನೂ ಅದರ ಕೆಳಗೆ ಕನ್ನಡದಲ್ಲೇ ಬರೆಯಿರಿ. ರೂಟರ್, ಎಕೋ ಎರಡೂ ಇನ್ವರ್ಟರ್ ಲೈನಿನಲ್ಲಿರಲಿ. ಹೊರಡುವ ಮುಂಚೆ ಮೇನ್ ಸ್ವಿಚ್ ಹತ್ತು ನಿಮಿಷ ಆರಿಸಿ, ಕತ್ತಲಲ್ಲಿ ಅಮ್ಮನಿಂದಲೇ ನಿಮಗೊಂದು ಕಾಲ್ ಮಾಡಿಸಿ ನೋಡಿ.