ಎಂಜಿನ್ ಇಳಿಸುವ ಮೊದಲು ಕಂಪ್ರೆಷನ್ ನೋಡಿದೆ: ನನ್ನ ಅನುಭವ

ನನ್ನ ಹಳೆಯ ಕಾರ್ಬುರೇಟರ್ ಮಾರುತಿ 800ಕ್ಕೆ ಎಲ್‌ಪಿಜಿ ಕಿಟ್ ಇದೆ. ಬರುಬರುತ್ತಾ ಅದು ನಿಂತಲ್ಲೇ ನಡುಗತೊಡಗಿತು. ಮಿಸ್ಸಿಂಗ್ (ಸಿಲಿಂಡರ್ ಆಗಾಗ ಉರಿಯದೆ ತಪ್ಪುವುದು) ಜಾಸ್ತಿ, ಏರಿನಲ್ಲಿ ಪಿಕಪ್ ಇಲ್ಲ. ಪ್ಲಗ್, ವೈರು ಬದಲಾಯಿಸಿದರೂ ಅಷ್ಟೇ. ಗ್ಯಾರೇಜಿನಲ್ಲಿ ಸದ್ದು ಕೇಳಿ, "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಅಂದರು. ರಿಂಗ್ ಅಂದರೆ ಒತ್ತಡ ಸೋರದಂತೆ ಪಿಸ್ಟನ್ ಸುತ್ತ ಇರುವ ಬಳೆ, ಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆದು ಸರಿ ಮಾಡುವ ಕೆಲಸ. ಆದರೆ ಆಯಿಲ್ ಉರಿದಾಗ ಬರುವ ನೀಲಿ ಹೊಗೆ ಬರುತ್ತಿರಲಿಲ್ಲ, ಆಯಿಲ್ ಕೂಡ ಕಡಿಮೆಯಾಗುತ್ತಿರಲಿಲ್ಲ. ಅಳತೆ ನೋಡದೆ ಎಂಜಿನ್ ಬಿಚ್ಚಿಸಲು ಮನಸ್ಸು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋಗಿ ಒಂದು ಕಂಪ್ರೆಷನ್ ಗೇಜ್ ತಂದೆ. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರಿನ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅನ್ನುವುದೇ ಕಂಪ್ರೆಷನ್, ಅದನ್ನು ಅಳೆಯುವುದು ಈ ಗೇಜ್.

ಗೇಜ್‌ನಲ್ಲಿ ಎರಡು ಬಗೆ. ಒಂದರ ತುದಿಯಲ್ಲಿ ರಬ್ಬರ್ ಇರುತ್ತದೆ, ಪ್ಲಗ್ ತೂತಿಗೆ ಕೈಯಲ್ಲಿ ಒತ್ತಿ ಹಿಡಿಯಬೇಕು. ಇನ್ನೊಂದು ಪ್ಲಗ್ ಥರವೇ ತಿರುಪಿ ಕೂರಿಸುವಂಥದ್ದು. ಒಬ್ಬರೇ ಕೆಲಸ ಮಾಡುವವರಿಗೆ ಎರಡನೆಯದೇ ಸರಿ. ಅದರ ಪೈಪಿನ ತುದಿಯಲ್ಲಿ ಟ್ಯೂಬಿನ ವಾಲ್ವ್ ಪಿನ್ನಿನಂಥ ಒಂದು ಸಣ್ಣ ಪಿನ್ ಇರುತ್ತದೆ. ಮುಳ್ಳನ್ನು ಏರಿದ ಜಾಗದಲ್ಲೇ ನಿಲ್ಲಿಸುವುದು ಅದೇ. ಅದು ಲೀಕ್ ಆದರೆ ಎಲ್ಲ ಸಿಲಿಂಡರೂ ಕಡಿಮೆ ತೋರಿಸುತ್ತವೆ. ಹಾಗಾಗಿ ಎಲ್ಲವೂ ಒಟ್ಟಿಗೆ ಕಡಿಮೆ ಬಂದರೆ ಮೊದಲು ಗೇಜನ್ನೇ ಅನುಮಾನಿಸಬೇಕು.

ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ತಂದೆ. ಆಮೇಲೆ ಗ್ಯಾಸ್ ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿದು ಎಂಜಿನ್ ತಾನಾಗಿ ಆಫ್ ಆಗಲು ಬಿಟ್ಟೆ. ಕಿಟ್‌ನ ಸ್ವಿಚ್ಚನ್ನು ಮಧ್ಯಕ್ಕೆ ಇಟ್ಟೆ. ಅಲ್ಲಿ ಪೆಟ್ರೋಲೂ ಬಂದ್, ಗ್ಯಾಸೂ ಬಂದ್. ಇದನ್ನು ಯಾರೂ ತಪ್ಪಿಸಬಾರದು. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದಾಗ ತೂತಿನಿಂದ ಗ್ಯಾಸ್ ಬಾನೆಟ್ ಒಳಗೆ ತುಂಬುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಇಗ್ನಿಷನ್ ಕಾಯಿಲ್‌ನ ಕನೆಕ್ಷನ್ ಕೂಡ ಬಿಚ್ಚಿಟ್ಟೆ.

ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ. ಕೆಂಡದಂತೆ ಕಾದಿರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಹತ್ತು ನಿಮಿಷ ಬಿಟ್ಟು, ಸುತ್ತಲ ಧೂಳನ್ನು ಗಾಳಿ ಹೊಡೆದು ತೆಗೆದು, ಮೂರೂ ಪ್ಲಗ್ ಬಿಚ್ಚಿದೆ. ಒಂದೊಂದೇ ಬಿಚ್ಚಿ ನೋಡುವವರಿದ್ದಾರೆ. ಆಗ ಉಳಿದ ಸಿಲಿಂಡರ್‌ಗಳ ಒತ್ತಡ ಸ್ಟಾರ್ಟರ್ ಮೋಟರನ್ನು ತಡೆಯುತ್ತದೆ, ಎಂಜಿನ್ ನಿಧಾನಕ್ಕೆ ತಿರುಗುತ್ತದೆ, ಅಳತೆ ಕೆಡುತ್ತದೆ. ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗಿರಬೇಕು.

ಎಕ್ಸಲರೇಟರ್ ಪೂರ್ತಿ ತುಳಿದೇ ಸೆಲ್ಫ್ ಹೊಡೆಯಬೇಕು. ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಹೋಗುವುದಿಲ್ಲ, ಇನ್ನು ಒತ್ತುವುದೇನನ್ನು? ಆರು ಸಲ ಪಫ್ ಅನ್ನುವವರೆಗೆ ತಿರುಗಿಸಿದೆ. ಮೂರಕ್ಕೂ ಅಷ್ಟೇ ಸಲ. ಮಗಳನ್ನು ಸೆಲ್ಫ್ ಹೊಡೆಯಲು ಕೂರಿಸಿ ನಾನು ಮುಳ್ಳನ್ನೇ ನೋಡುತ್ತಿದ್ದೆ. ಕೊನೆಯ ಅಂಕಿ ಎಷ್ಟು ಮುಖ್ಯವೋ ಅದು ಏರುವ ರೀತಿಯೂ ಅಷ್ಟೇ ಮುಖ್ಯ. ಒಂದನೇ ಸಿಲಿಂಡರಿನಲ್ಲಿ ಮೊದಲ ಏಟಿಗೇ ಮುಳ್ಳು 90 ದಾಟಿತು, ನಿಂತಿದ್ದು 150 ಪಿಎಸ್ಐನಲ್ಲಿ. ಎರಡನೆಯದು 148. ಮೂರನೆಯದು 50ಕ್ಕೆ ಹಾರಿ, ಆಮೇಲೆ ತೆವಳುತ್ತಾ 95ಕ್ಕೆ ಹೋಗಿ ನಿಂತುಬಿಟ್ಟಿತು. ನಡುಗುವ ಸಿಲಿಂಡರ್ ಸಿಕ್ಕಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಂಗಳೂರಿನಲ್ಲಿರುವ ನಮ್ಮ ಭಾವ ತಮ್ಮ ಕಾರಿನಲ್ಲಿ 170 ಬಂತು ಅನ್ನುತ್ತಾರೆ, ಬೆಂಗಳೂರಿನಲ್ಲಿ 150 ಬಂದವರು ಎಂಜಿನ್ ಸವೆದಿದೆ ಎಂದು ಹೆದರುತ್ತಾರೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯೇ ಶೇ. 10ರಷ್ಟು ತೆಳು. ಮಂಗಳೂರಿನಲ್ಲಿ 170 ತೋರಿಸುವ ಎಂಜಿನ್ ಇಲ್ಲಿಗೆ ಬಂದರೆ 153ರ ಆಸುಪಾಸು ತೋರಿಸುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ನಾನು ಬರೀ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಶೇ. 10ರೊಳಗಿದ್ದರೆ ಚಿಂತೆಯಿಲ್ಲ. ನನ್ನದರಲ್ಲಿ 150 ಎಲ್ಲಿ, 95 ಎಲ್ಲಿ!

ಈಗ ರಿಂಗೋ ವಾಲ್ವೋ ಅನ್ನುವ ಪ್ರಶ್ನೆ. ವಾಲ್ವ್ ಅಂದರೆ ಸಿಲಿಂಡರಿಗೆ ಗಾಳಿ ಬರುವ, ಹೊಗೆ ಹೋಗುವ ದಾರಿಯ ಬಾಗಿಲು. ಸಿರಿಂಜಿನಲ್ಲಿ 5 ಎಂಎಲ್ ಎಂಜಿನ್ ಆಯಿಲ್ ತೆಗೆದುಕೊಂಡು ಮೂರನೇ ಸಿಲಿಂಡರಿಗೆ ಬಿಟ್ಟೆ. ಆಯಿಲ್ ಪಿಸ್ಟನ್ ಸುತ್ತ ಹರಡಿ ರಿಂಗಿನ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ರಿಂಗ್ ಸವೆದಿದ್ದರೆ ಅಂಕಿ ಚೆನ್ನಾಗಿ ಏರಬೇಕು. ಜಾಸ್ತಿ ಸುರಿಯಬಾರದು, ಆಯಿಲ್ಲೇ ಜಾಗ ಹಿಡಿದು ಸುಳ್ಳು ಅಂಕಿ ಕೊಡುತ್ತದೆ. ಮತ್ತೆ ಸೆಲ್ಫ್ ಹೊಡೆಸಿದೆ. 100. ಅಂದರೆ ಹೇಳಿಕೊಳ್ಳುವಷ್ಟು ಏರಲೇ ಇಲ್ಲ. ಅಕ್ಕಪಕ್ಕದ ಎರಡೂ ಸಿಲಿಂಡರಿನ ಅಂಕಿ ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಪ್ಯಾಕಿಂಗ್) ಹೋಗಿದೆ ಅನ್ನಬಹುದಿತ್ತು. ಎರಡನೆಯದು ಗಟ್ಟಿಯಾಗಿತ್ತು. ಉಳಿದದ್ದು ವಾಲ್ವ್.

ಗ್ಯಾಸಿನಲ್ಲಿ ಓಡುವ ಗಾಡಿಗಳಲ್ಲಿ ವಾಲ್ವ್ ಮುಚ್ಚಿ ಕೂರುವ ಸೀಟ್ ಬೇಗ ಸವೆಯುತ್ತದೆ. ಸೀಟ್ ಸವೆದಂತೆ ವಾಲ್ವ್ ಹೆಡ್ಡಿನ ಒಳಕ್ಕೆ ಸರಿಯುತ್ತದೆ, ಅದರ ಬಾಲ ಅದನ್ನು ಒತ್ತಿ ತೆರೆಯುವ ರಾಕರ್ ಕಡೆಗೆ ಏರುತ್ತದೆ, ನಡುವಿನ ಸಂದು ಮಾಯವಾಗುತ್ತದೆ. ಆಮೇಲೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಟ್ಯಾಪೆಟ್, ಅಂದರೆ ಆ ಸಂದು, ಸಡಿಲವಾದರೆ ಟಿಕ್ ಟಿಕ್ ಅಂತ ಸದ್ದು ಮಾಡಿ ಕರೆಯುತ್ತದೆ. ಬಿಗಿಯಾದರೆ ಸದ್ದೇ ಇಲ್ಲ, ಅದೇ ಅಪಾಯ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಹೆಡ್ ಕವರ್ ತೆಗೆದೆ. ಮೂರನೇ ಪಿಸ್ಟನ್ ಕಂಪ್ರೆಷನ್ ಏಟಿನ ತುದಿಗೆ ಬರುವಂತೆ ಕ್ರ್ಯಾಂಕ್ ಬೋಲ್ಟನ್ನು ಕೈಯಿಂದ ತಿರುಗಿಸಿ ಸಂದು ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಇಟ್ಟೆ. ಇನ್‌ಲೆಟ್ ಕಡೆ ಬ್ಲೇಡ್ ಹಿತವಾಗಿ ಜಾರಿತು. ಎಕ್ಸಾಸ್ಟ್ ಕಡೆ ನನ್ನ ಸೆಟ್‌ನ ಅತಿ ತೆಳ್ಳಗಿನ ಬ್ಲೇಡ್ ಕೂಡ ಒಳಗೆ ಹೋಗಲಿಲ್ಲ. ಲಾಕ್ ನಟ್ ಸಡಿಲಿಸಿ, ಮ್ಯಾನ್ಯುಯಲ್‌ನಲ್ಲಿ ತಣ್ಣಗಿನ ಎಂಜಿನ್‌ಗೆ ಕೊಟ್ಟಿರುವ ಅಳತೆಗೆ ಆರೂ ಟ್ಯಾಪೆಟ್ ಸೆಟ್ ಮಾಡಿದೆ. ಬಿಸಿ ಮಾಡಿ ಮತ್ತೆ ಗೇಜ್ ಹಾಕಿದಾಗ ಮೂರನೆಯದರಲ್ಲಿ 138 ಬಂತು. ನಡುಕ ನಿಂತಿತು. ಬೋರ್ ಕೆಲಸ ಬೇಕಾಗಲೇ ಇಲ್ಲ.

ಅಂಕಿ ಏರದೇ ಹೋಗಿದ್ದರೆ ವಾಲ್ವ್ ಸುಟ್ಟಿದೆ ಎಂದು ಹೆಡ್ ಇಳಿಸಲೇಬೇಕಿತ್ತು. ಅದಕ್ಕೂ ಮುಂಚೆ ಪಿಸ್ಟನ್ ಮೇಲಿಟ್ಟು, ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡುತ್ತಿದ್ದೆ. ಬುಸ್ ಅನ್ನುವ ಸದ್ದು ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರ್‌ನಲ್ಲಿ ಬಂದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಸವೆದ ಸೀಟ್ ಸವೆದೇ ಇರುತ್ತದೆ ಅಲ್ವಾ, ಹಾಗಾಗಿ ಈಗ ಪ್ರತಿ ಆಯಿಲ್ ಚೇಂಜ್‌ಗೂ ಆ ಎಕ್ಸಾಸ್ಟ್ ಟ್ಯಾಪೆಟ್ ನೋಡುತ್ತೇನೆ. 150, 148, 138 ಅಂತ ಸರ್ವಿಸ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪಕ್ಕದಲ್ಲಿ ತಾರೀಖು, ಊರು, ಎಂಜಿನ್ ಬಿಸಿ ಇತ್ತು ಅನ್ನುವುದೂ ಇದೆ. ಮುಂದಿನ ಸಲ ಇದೇ ಗೇಜಿನಿಂದ ನೋಡಿ ಹೋಲಿಸಬೇಕು.